ಮಿಷಿನವ್ವನ ಮೊದಲ ಬಳೆಗಳು

ಮೊಮ್ಮಗನಿಗೆ ತೊಟ್ಟಿಲು ಕಟ್ಟಬೇಕೆಂದು ಕಳೆದ ತಿಂಗಳು ಅಟ್ಟದ ಮೇಲಿದ್ದ ಹಳೆಯ ಸರಪಳಿ ಇಳಿಸಿದೆ. ನನ್ನ ಮಗನ ತೊಟ್ಟಿಲಿಗೆ ಕಟ್ಟಿದ್ದ ಸರಪಳಿ ಅದು. ಗೋಣಿಚೀಲ ಬಿಚ್ಚಿ ನೋಡಿದರೆ ಕೊಂಡಿ ಕೊಂಡಿಗೂ ತುಕ್ಕು. ಸೀಮೆಎಣ್ಣೆ ಹಾಕಿ ಉಜ್ಜಿದೆ, ಬೂದಿ ಹಾಕಿ ತಿಕ್ಕಿದೆ. ಸರಪಳಿ ಹೇಗೋ ಬೆಳ್ಳಗಾಯಿತು, ನನ್ನ ಕೈಗೆ ಹತ್ತಿದ ವಾಸನೆ ಮಾತ್ರ ಬಿಡಲಿಲ್ಲ. ಸೋಪು ಹಚ್ಚಿ ತೊಳೆದೆ, ನಿಂಬೆಹಣ್ಣು ಹಿಂಡಿದೆ, ಊಹೂಂ. ಮಧ್ಯಾಹ್ನ ಊಟಕ್ಕೆ ಕೂತು ರೊಟ್ಟಿ ಮುರಿದು ಬಾಯಿಯ ಹತ್ತಿರ ತಂದೆ, ಆ ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ತುತ್ತು ಕೈಯಲ್ಲೇ ಉಳಿಯಿತು.

"ಯಾಕ್ರಿ ಅತ್ತಿ, ಖಾರ ಆತೇನ್ರಿ?" ಎಂದು ಸೊಸೆ ಕೇಳಿದಳು. ಇಲ್ಲವ್ವ ಎಂದೆ. ನನಗೆ ದೊಡ್ಡವ್ವ ನೆನಪಾಗಿದ್ದಳು. ಈ ಹುಡುಗಿ ನಮ್ಮ ಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ ದೊಡ್ಡವ್ವ ಮಣ್ಣಿಗೆ ಹೋಗಿದ್ದಳು, ಇವಳಿಗೆ ಎಲ್ಲಿಂದ ಶುರು ಮಾಡಿ ಹೇಳಲಿ?

ದೊಡ್ಡವ್ವ ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಪಕ್ಕದ ಮನೆಯವಳು, ನಡುವೆ ಒಂದೇ ಗೋಡೆ. ನನ್ನ ತವರು ಹರಪನಹಳ್ಳಿ ಕಡೆ. ಕೂಡ್ಲಿಗಿಯಿಂದ ಒಳಗೆ, ಗುಡ್ಡದ ಬುಡದ ಒಂದು ಊರಿಗೆ ನನ್ನನ್ನು ಕೊಟ್ಟರು. ಹೊಸತರಲ್ಲಿ ನಾನು ಬಾಯಿ ತೆರೆದರೆ ಸಾಕು, ದೊಡ್ಡವ್ವ ಗೋಡೆಯ ಆಚೆಯಿಂದ, "ಬಂದ್ಳು ನೋಡ್ರಿ, ಐತೆ ಐತೆ ಅನ್ನಾಕಿ" ಎಂದು ಅಣಕಿಸುತ್ತಿದ್ದಳು. ಐತಿ ಎನ್ನಲು ನನಗೆ ನಾಲಿಗೆ ತಿರುಗಿಸಿ ಕಲಿಸಿದವಳೇ ಅವಳು. ಅತ್ತೆಮನೆಯಲ್ಲಿ ಅಳು ಬಂದಾಗೆಲ್ಲ ನಾನು ಹೋಗುತ್ತಿದ್ದದ್ದು ಅವಳ ಅಡುಗೆಮನೆಗೆ. ಆಕೆ ಸಮಾಧಾನ ಗಿಮಾಧಾನ ಮಾಡುತ್ತಿರಲಿಲ್ಲ. ಸೋಸಲು ಒಂದು ಮೊರದ ತುಂಬ ಜೋಳ ಕೊಡುತ್ತಿದ್ದಳು. ಸೋಸಿ ಮುಗಿಯುವ ಹೊತ್ತಿಗೆ ಅಳು ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ. ಗಂಡ ನಮ್ಮೂರಿನಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಮನುಷ್ಯ, ಮೊದಲು ಅದಿರಿನ ಲಾರಿ ಓಡಿಸಿದವರು. ದೊಡ್ಡವ್ವ ಗಂಡನ ಹೆಸರು ಹೇಳುತ್ತಿರಲಿಲ್ಲ, ಆಗ ಯಾರೂ ಹೇಳುತ್ತಿರಲಿಲ್ಲ. ಬೇರೆಯವರು 'ನಮ್ಮವರು' ಎಂದರೆ ಆಕೆ 'ನಮ್ಮ ಡ್ರೈವರು' ಎನ್ನುತ್ತಿದ್ದಳು. ಆ ಮಾತಿನಲ್ಲಿ ಜಂಬವೂ ಇತ್ತು, ಚೇಷ್ಟೆಯೂ ಇತ್ತು.

ನಾನು ಮದುವೆಯಾಗಿ ಬಂದಾಗ ಅವರು ಕಾಡಿನಲ್ಲಿ ಮಿಷಿನ್ ಓಡಿಸುತ್ತಿದ್ದರು. ನಮ್ಮ ಕಡೆಯ ಕಾಡು ಎಂದರೆ ದೊಡ್ಡ ದೊಡ್ಡ ಬಂಡೆಗುಂಡುಗಳು, ಮುಳ್ಳುಕಂಟಿ, ಅಲ್ಲಲ್ಲಿ ಕಮರದ ಮರ, ಮತ್ತೆ ಕರಡಿ. ಗುಡ್ಡಗಳ ನಡುವಿನ ಒಂದು ಕೊರಕಲಿನಲ್ಲಿ ಯಾವಾಗಲೋ ನೆಟ್ಟ ನೀಲಗಿರಿ ಎತ್ತರಕ್ಕೆ ಬೆಳೆದಿತ್ತು. ಅದನ್ನು ಕಡಿಯಲು ಯಾರೋ ಪರಸ್ಥಳದ ಗುತ್ತಿಗೆದಾರ ಬಂದಿದ್ದ. ಕಡಿದ ದಿಮ್ಮಿಗಳನ್ನು ಕೊರಕಲಿನಿಂದ ಮೇಲೆ ಎಳೆಯಲು ಒಂದು ಮಿಷಿನ್ ತಂದಿದ್ದ. ಮುಂದಿನಿಂದ ನೋಡಿದರೆ ಹಳೆಯ ಲಾರಿ. ಹಿಂದೆ ಕಬ್ಬಿಣದ ಕಂಬ, ಒಂದು ದೊಡ್ಡ ಉರುಳೆ, ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೊಂದು ಕೊಕ್ಕೆ. ಅದು ಎಳೆಯುವಾಗ ಮಾಡುವ ಸದ್ದು ಊರಿಗೆ ಕೇಳುತ್ತಿತ್ತು. ಸದ್ದು ನಿಂತರೆ ದೊಡ್ಡವ್ವ ಒಲೆಗೆ ಹೆಂಚು ಇಡುತ್ತಿದ್ದಳು, ಡ್ರೈವರು ಊಟಕ್ಕೆ ಹೊರಟರು ಎಂದು ಲೆಕ್ಕ.

ಆ ಶ್ರಾವಣದಲ್ಲಿ ಕೊಟ್ಟೂರಿನ ಬಳೆಗಾರ ಬಂದ. ನಮ್ಮಿಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂಡಿಸಿ, ಒಂದೇ ಸರದಿಂದ ಬಿಚ್ಚಿ ಹಸಿರು ಗಾಜಿನ ಬಳೆ ತೊಡಿಸಿದ. ದೊಡ್ಡವ್ವನ ಕೈ ದುಡಿದ ಕೈ, ಗಟ್ಟಿ. ಬಳೆಗಾರ ಹಿಂಡಿ ಹಿಸುಕಿ ಹತ್ತಿಸುವಾಗ ಆಕೆ ಹಲ್ಲು ಕಚ್ಚಿಕೊಂಡೇ, "ಇವು ಇನ್ನ ನನ್ನ ಕೂಡನ ಹೋಗ್ತಾವ ಬಿಡು" ಎಂದಿದ್ದಳು. ಎಲ್ಲ ಹೆಂಗಸರೂ ಹೇಳುವ ಮಾತೇ ಅದು. ಯಾರೂ ಅದಕ್ಕೆ ಕಿವಿಗೊಡುವುದಿಲ್ಲ.

ಅದಾದ ಕೆಲವೇ ದಿನಗಳಿಗೆ... ಕೆಲಸ ಮುಗಿಯುತ್ತ ಬಂದಿತ್ತು. ಮಳೆ ಹಿಡಿದಿತ್ತು. ಕೊರಕಲಿನ ತಳದಲ್ಲಿ ಕೊನೆಯ ದಿಮ್ಮಿಗಳು ಉಳಿದಿದ್ದವು. ಎಳೆಯುವಾಗ ಉಕ್ಕಿನ ಹಗ್ಗ ಹರಿಯಿತು. ಹರಿದ ಹಗ್ಗ ಹಿಂದಕ್ಕೆ ಬೀಸಿ ಬಂದು ಚಾಲಕನ ಸೀಟಿಗೇ ಬಡಿಯಿತು. ಸದ್ದು ನಿಂತಾಗ ದೊಡ್ಡವ್ವ ಹೆಂಚು ಇಟ್ಟಳು. ರೊಟ್ಟಿ ಬೇಯಿಸಿದಳು. ಅವು ಆರಿದವು.

ಸಂಜೆಗೆ ಕಂಬಳಿಯಲ್ಲಿ ಸುತ್ತಿ ತಂದರು. ಹಿರಿಯರು ಮುಖ ತೆರೆಯಲಿಲ್ಲ. ನೋಡುವ ಹಾಗಿಲ್ಲ ಎಂದರು. ಆಕೆ ಅಂಗಲಾಚಿದಳು, ಬೈದಳು, ಕಂಬಳಿ ಹಿಡಿದು ಎಳೆದಳು. ನಾಲ್ಕು ಜನ ಹೆಂಗಸರು ಅವಳನ್ನು ಹಿಡಿದುಕೊಂಡರು, ಹಿಡಿದವರಲ್ಲಿ ನಾನೂ ಇದ್ದೆ. ಕತ್ತಲಾಗುವುದರೊಳಗೆ ಮಣ್ಣು ಕೊಟ್ಟು ಬಂದರು. ಬಳೆ ಒಡೆಯಲು ಹಿರಿಯ ಹೆಂಗಸರು ಕರೆದಾಗ ಆಕೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಬಂದು, "ಒಡದು ಒಗದೆ" ಎಂದಳು. ಕೈಗೆ ಹರಳೆಣ್ಣೆ ಮೆತ್ತಿತ್ತು, ಗೆಣ್ಣುಗಳ ಮೇಲೆ ತೊಗಲು ಕಿತ್ತು ಬಂದಿತ್ತು. ಬಳೆಗಳು ಇಡಿಯಾಗಿ ಅವಳ ಮಡಿಲಿನಲ್ಲಿದ್ದವು. ಪಕ್ಕದಲ್ಲಿ ಕೂತಿದ್ದ ನನಗೆ ಅವುಗಳ ಸದ್ದು ಕೇಳಿಸಿತು. ಬಾಯಿ ಬಿಡಲಿಲ್ಲ.

ಗುತ್ತಿಗೆದಾರನ ಜನ ಬಿಡಿ ಸಾಮಾನನ್ನೆಲ್ಲ ತುಂಬಿಕೊಂಡು ಹೋದರು. ಮಳೆಗೆ ದಾರಿ ಕೊಚ್ಚಿಹೋಗಿತ್ತು, ಮಿಷಿನ್ ತೆಗೆಯಲು ಆಗಲಿಲ್ಲ. ಆಮೇಲೆ ಬರುತ್ತೇವೆ ಎಂದವರು ಬರಲಿಲ್ಲ. ಕಾಡಿನ ನಡುವೆ ಅದೊಂದೇ ನಿಂತುಕೊಂಡಿತು.

ಮಹಾನವಮಿಗೆ ಮುಂಚೆ ಒಂದು ಬೆಳಗ್ಗೆ ದೊಡ್ಡವ್ವ ನನ್ನನ್ನು ಹಿತ್ತಲಿಗೆ ಕರೆದಳು. ಆಯುಧ ಪೂಜೆಗೆ ಮಿಷಿನ್ ಹತ್ತಿರ ಹೋಗಬೇಕು, ಜೊತೆಗೆ ಬಾ ಎಂದಳು.

"ದೊಡ್ಡವ್ವ, ಜೀವ ತಗಂಡ ಮಿಷಿನ್ನಿಗೆ ಪೂಜೆ ಮಾಡ್ತೀಯಾ?"

"ಮಿಷಿನ್ ಏನ್ ಮಾಡೀತು ತಂಗಿ, ಹಗ್ಗ ಹರೀತು. ಅವರಿಗೂ ಮಿಷಿನ್ನಿಗೂ ಏನು ಜಗಳ ಇದ್ದಿಲ್ಲ." ದನಿ ತಗ್ಗಿಸಿ ಹೇಳಿದಳು: "ನನಗ ಮುಖ ತೋರಿಸ್ಲಿಲ್ಲ. ಯಾರನ್ನ ಮಣ್ಣು ಮಾಡಿದ್ರೋ ನನಗೇನು ಗೊತ್ತು. ನನ್ನ ಪಾಲಿಗೆ ಅವರಿನ್ನೂ ಅಲ್ಲೇ ಅದಾರ. ಪೂಜಿ ಆಗದ ಗಾಡಿ ಏರೋ ಮನುಷ್ಯಾ ಅಲ್ಲ ಅವರು. ಯಾರರ ಬಂದು ಪೂಜಿ ಮಾಡ್ಲಿ ಅಂತ ಕುಂತಿರ್ತಾರ."

"ಅದಕ್ಕೆ ನಾನ್ಯಾಕೆ?"

"ನನ್ನ ಕೈಲೆ ಕುಂಕುಮ ನಡಿಯಂಗಿಲ್ಲ. ನೀ ಮುತ್ತೈದಿ. ನೀ ಹಚ್ಚಿಕೊಡು."

ಗಂಡ ಸತ್ತು ಇನ್ನೂ ಎರಡು ತಿಂಗಳಾಗಿಲ್ಲದ ಹೆಂಗಸು ಹೊಸ್ತಿಲು ದಾಟಿದರೆ ಊರು ಸುಮ್ಮನಿರುತ್ತದೆಯೇ? ಕಟ್ಟಿಗೆಗೆ ಹೊರಟೆವೆಂದು ಹೇಳಿ ಕುಡುಗೋಲು, ಹಗ್ಗ ಹಿಡಿದು ಹೋದೆವು. ಬುಟ್ಟಿಯ ತಳದಲ್ಲಿ ನಿಂಬೆಹಣ್ಣು, ಅರಿಶಿನ ಕುಂಕುಮ, ಊದಿನಕಡ್ಡಿ. ಅಷ್ಟರಲ್ಲಾಗಲೇ ಮಿಷಿನ್ನಿನ ಮೇಲೆ ತುಕ್ಕು ಏರಿತ್ತು. ಟೈರು, ಬ್ಯಾಟರಿ, ಒಂದು ಬಾಗಿಲು ಯಾರದೋ ಮನೆ ಸೇರಿದ್ದವು. ನಾನು ಕಂಬಕ್ಕೆ ಅರಿಶಿನ ಬಳಿದೆ, ಉರುಳೆಗೆ ಕುಂಕುಮ ಇಟ್ಟೆ, ನಿಂಬೆಹಣ್ಣು ಹಿಂಡಿದೆ. ದೊಡ್ಡವ್ವ ಮಡಿಲಿನಿಂದ ಆ ಹಸಿರು ಬಳೆ ತೆಗೆದು, ಒಂದು ಅರಿಶಿನದ ದಾರಕ್ಕೆ ಪೋಣಿಸಿ ಕಂಬಕ್ಕೆ ಕಟ್ಟಿದಳು. ಅಳಲಿಲ್ಲ. ತುಕ್ಕು ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, "ಆತು, ನಡಿ" ಎಂದಳು. ಬರುವಾಗ ನಿಜವಾಗಿಯೂ ಕಟ್ಟಿಗೆ ಹೊತ್ತುಕೊಂಡು ಬಂದೆವು.

ಮರುವರ್ಷ ಅದೇ ದಿನ ಹೋದೆವು. ನೋಡಿದರೆ ಅಲ್ಲಿ ಒಡೆದ ತೆಂಗಿನಕಾಯಿ. ಕಂಬಕ್ಕೆ ಹಳದಿ ಬಟ್ಟೆ. ದೊಡ್ಡವ್ವನ ಬಳೆಗಳ ಪಕ್ಕದಲ್ಲಿ ಇನ್ನೊಂದು ಜೊತೆ ಹಸಿರು ಬಳೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಕುರಿ ಹಟ್ಟಿಯ ಕಡೆಯಿಂದ ಒಬ್ಬ ಹಿರಿಯ ಬಂದ. ಕುರಿ ಕಾಯುವವನು, ಒಳ್ಳೆಯ ಮನುಷ್ಯ, ಮುಖದ ತುಂಬ ಭಕ್ತಿ.

"ಚಪ್ಲಿ ಬಿಟ್ಟು ಬರ್ರಿ ಯವ್ವಾ. ಇಲ್ಲಿ ತಾಯಿ ಎದ್ದಾಳ. ಈ ಅಡಿವ್ಯಾಗ ಯಾರು ಬಂದು ಬಳಿ ಇಡ್ತಾರ ಹೇಳ್ರಿ. ಹಸರ ಬಳಿ ತಾನ ಇಟಗೊಂಡು ಕುಂತಾಳ."

ಅವನ ಮೊಮ್ಮಗಳಿಗೆ ಕರಡಿ ಎದುರಾದಾಗ ಅವಳು ಈ ಮಿಷಿನ್ನಿನ ಅಡಿಗೆ ನುಸುಳಿ ಉಳಿದುಕೊಂಡಿದ್ದಳಂತೆ. ತೆವಳಿಕೊಂಡು ಹೊರಗೆ ಬಂದು ತಲೆಯೆತ್ತಿದರೆ ಅರಿಶಿನ, ಕುಂಕುಮ, ಹಸಿರು ಬಳೆ. ನಮ್ಮ ಕಡೆ ದೇವಿಗೆ ಉಡಿ ತುಂಬುವಾಗ ಇಡುವುದು ಅದನ್ನೇ ತಾನೆ? ಗಂಡ ಸತ್ತವಳು ಬಿಚ್ಚಿದ ಬಳೆ ಎಂದಾದರೂ ಇಡಿಯಾಗಿ ಉಳಿಯುತ್ತದೆಯೇ? ಆ ಮನುಷ್ಯನಿಗೆ ಬೇರೆ ಏನೂ ಹೊಳೆಯಲು ದಾರಿಯೇ ಇರಲಿಲ್ಲ. ನನಗೆ ನಗು ಬಂತು. ದೊಡ್ಡವ್ವ ನನ್ನ ಕೈ ಹಿಂಡಿದಳು, ಎರಡು ದಿನ ನೋಯುವ ಹಾಗೆ.

ಹೀಗೆ ಮಿಷಿನವ್ವ ಹುಟ್ಟಿದಳು. ಬರಬರುತ್ತಾ ಕಂಬಕ್ಕೆ ಸೀರೆ ಉಡಿಸಿದರು, ತಗಡಿನ ನೆರಳು ಮಾಡಿದರು. ಕೂಸಾಗದ ಹೆಣ್ಣುಮಕ್ಕಳು ಹರಕೆ ಹೊತ್ತು ಬಳೆ ಕಟ್ಟತೊಡಗಿದರು. ಆ ಹಿರಿಯನೇ ಪೂಜಾರಿಯಾದ. ಬಳೆ ಗೊಂಚಲು ಗೊಂಚಲಾಗಿ ಬೆಳೆಯಿತು. ದೊಡ್ಡವ್ವನಿಗೆ ಒಮ್ಮೊಮ್ಮೆ ಇದು ಬಹಳ ತಮಾಷೆ ಎನಿಸುತ್ತಿತ್ತು. "ನೋಡು ತಂಗಿ, ನನಗ ಒಂದೂ ಆಗ್ಲಿಲ್ಲ. ನನ್ನ ಬಳಿ ಊರಿಗೆಲ್ಲ ಮಕ್ಕಳ ಕೊಡಾಕತ್ಯಾವ" ಎಂದು ನಗುತ್ತಿದ್ದಳು. ನಾನು ನಗಲಾರದೆ ಅವಳ ಮುಖ ನೋಡುತ್ತಿದ್ದೆ.

ದೇವರೆಂದ ಮೇಲೆ ಮಡಿ ಮೈಲಿಗೆ ಬಂದವು. ಒಂದು ಮಹಾನವಮಿಗೆ ನಾವು ಹೋದಾಗ ಪೂಜಾರಿ ಅಡ್ಡ ನಿಂತ. ನನ್ನನ್ನು ಒಳಗೆ ಬಿಟ್ಟ, ಅವಳನ್ನು ಬಿಡಲಿಲ್ಲ.

"ಸಿಟ್ಟಾಗಬ್ಯಾಡ್ರಿ ಯವ್ವಾ. ಹಸರ ಬಳಿ ಬೇಡೋ ದೇವ್ರು. ಬರಿಗೈಯಾಕಿ ಹತ್ರ ಬರಬಾರ್ದು. ಆ ಗುಂಡಿನ ಹಂತೇಕ ನಿಂತು ಕೈ ಮುಗೀರಿ." ಆತ ದೂರದ ಒಂದು ದೊಡ್ಡ ಬಂಡೆ ತೋರಿಸಿದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗಂಡನ ರಕ್ತ ಬಿದ್ದ ಜಾಗಕ್ಕೆ ಹೆಂಡತಿ ಹೋಗಬಾರದೆಂದರೆ ಏನರ್ಥ? ಆ ದೇವರಿಗೆ ಮೊದಲ ಬಳೆ ಕಟ್ಟಿದ ಕೈಯನ್ನೇ ಬರಿಗೈ ಎನ್ನುತ್ತಾರಲ್ಲ! "ಮೊದಲ್ನೇ ಬಳೆ ಯಾರವು ಗೊತ್ತೇನಪ್ಪ ನಿನಗೆ?" ಎಂದು ಬಾಯಿ ತೆಗೆದೇಬಿಟ್ಟೆ. ದೊಡ್ಡವ್ವ ಸೆರಗು ಹಿಡಿದು ಎಳೆದಳು. ಪೂಜೆ ಮುಗಿಸಿ ಬಾ ಎಂದು ಕಣ್ಣಲ್ಲೇ ಹೇಳಿ ತಾನು ಬಂಡೆಯ ಕಡೆಗೆ ನಡೆದಳು.

ದಾರಿಯುದ್ದಕ್ಕೂ ನಾನು ಪೂಜಾರಿಯನ್ನು ಬೈದೆ. ನಾಳೆಯೇ ಊರಿನಲ್ಲಿ ಎಲ್ಲ ಹೇಳಿಬಿಡುತ್ತೇನೆ ಎಂದೆ. ಆಕೆ ಹಳ್ಳದ ದಂಡೆಯಲ್ಲಿ ಕೂತುಕೊಂಡಳು.

"ಹೇಳಿದ್ರ ಏನಾಗ್ತೈತಿ? ಮುಂಡೇರ ಬಳಿ ಅಂತ ಗೊತ್ತಾದ್ರ ಕಿತ್ತು ಹಳ್ಳಕ್ಕ ಒಗೀತಾರ, ಗಂಜಳ ಹಾಕಿ ತೊಳೀತಾರ. ಹೋದ ಬ್ಯಾಸಿಗ್ಯಾಗ ಗುಜರಿಯವರು ಗ್ಯಾಸ್ ಕಟರ್ ತಗೊಂಡು ಬಂದಿದ್ರು, ಗೊತ್ತೈತಿಲ್ಲ ನಿನಗ. ನಾಯಿ ಬಿಟ್ಟು ಓಡಿಸಿದಾವ ಯಾರು? ಇದ ಪೂಜಾರಿ. ದೇವ್ರಲ್ಲ ಅಂದ ದಿನ ಅದನ್ನ ತುಂಡ ಮಾಡಿ ತುಂಬಿಕೊಂಡು ಹೋಗ್ತಾರ. ಆಮ್ಯಾಗ ನಮ್ಮ ಡ್ರೈವರು ಎಲ್ಲಿ ಕುಂದರ್ಬೇಕು?"

ಹತ್ತಿರ ಹೋಗಬೇಕೆಂದರೆ ನಿಜ ಹೇಳಬೇಕು, ಹೇಳಿದರೆ ಮಿಷಿನ್ನೇ ಉಳಿಯುವುದಿಲ್ಲ. ಆಕೆ ಎಲ್ಲ ಲೆಕ್ಕ ಹಾಕಿ ದೂರ ನಿಲ್ಲುವುದನ್ನು ಆರಿಸಿಕೊಂಡಿದ್ದಳು.

ಅಲ್ಲಿಂದ ಪ್ರತಿ ಮಹಾನವಮಿಯೂ ಹಾಗೆಯೇ ಆಯಿತು. ನಾನು ಹೆಂಗಸರ ಗುಂಪಿನಲ್ಲಿ ನುಗ್ಗಿ ಕಂಬಕ್ಕೆ ಕುಂಕುಮ ಹಚ್ಚಿ ಬರುತ್ತಿದ್ದೆ. ಆಕೆ ಬಂಡೆಯ ಹತ್ತಿರ ನಿಂತಿರುತ್ತಿದ್ದಳು. ನಾನು ಹೊರಬಿದ್ದದ್ದು ಕಂಡು ದಾರಿಗೆ ಇಳಿದು ಬಂದ ಕೂಡಲೇ ಕೇಳುತ್ತಿದ್ದಳು, "ನಮ್ಮ ಬಳಿ ಅದಾವಾ?" ಅದಾವ ದೊಡ್ಡವ್ವ ಎನ್ನುತ್ತಿದ್ದೆ. ಆ ರಾಶಿಯಲ್ಲಿ ಅವಳ ಬಳೆ ಯಾವುವೆಂದು ಮಿಷಿನವ್ವನೇ ಬಂದರೂ ಹೇಳಲಾರಳು. ಆಕೆಗೂ ಅದು ತಿಳಿದಿತ್ತೆಂದೇ ನನ್ನ ಅನುಮಾನ. ಆದರೂ ಕೇಳುತ್ತಿದ್ದಳು, ನಾನೂ ಹೇಳುತ್ತಿದ್ದೆ. ಅವಳು ದೂರ ನಿಂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಎಷ್ಟೋ ಸಲ, ಇನ್ನು ಮುಂದೆ ಬರುವುದು ಬೇಡ ಬಿಡು ಎಂದಿದ್ದೇನೆ. "ನಿನಗ ಕಾಲು ನೋಯ್ತಾವೇನು?" ಎಂದು ಮಾತು ಮರೆಸುತ್ತಿದ್ದಳು.

ಆಮೇಲೆ ನಾವು ಕೊಟ್ಟೂರಿಗೆ ಬಂದೆವು. ಮೊದಮೊದಲು ಹಬ್ಬಕ್ಕೆ ತಪ್ಪದೆ ಹೋಗುತ್ತಿದ್ದೆ. ಒಂದು ವರ್ಷ ಬೇಸಿಗೆಯಲ್ಲಿ ಆಕೆಗೆ ಜ್ವರ ಬಂದು, ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣು ಆಗಿತ್ತು. ನನಗೂ ಮುಖ ಸಿಗಲಿಲ್ಲ. ಗಂಡನ ಮಗ್ಗುಲಲ್ಲೇ ಜಾಗ ಸಿಕ್ಕಿತು, ಪುಣ್ಯವಂತೆ ಎಂದು ಊರವರೆಲ್ಲ ಹೇಳಿದರು. ನಾನು ಹೂಂ ಎಂದೆ. ಆಕೆಯ ಲೆಕ್ಕದಲ್ಲಿ ಗಂಡ ಅಲ್ಲಿರಲಿಲ್ಲ... ಅದನ್ನು ಯಾರಿಗೆ ಹೇಳುವುದು? ಮನೆಗೆ ಬಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಸೋಸಲು ಜೋಳ ಕೊಡುವವರು ಯಾರೂ ಇರಲಿಲ್ಲ.

ನಮ್ಮ ಮನೆಯವರು ತೀರಿಕೊಂಡ ಮೇಲಂತೂ ನಾನು ಆ ಕಡೆಗೆ ಹೋಗಿಯೇ ಇರಲಿಲ್ಲ. ಹೋದ ವಾರ ಹೋಗಬೇಕಾಯಿತು. ಸೊಸೆಯ ತವರು ಹಡಗಲಿ ಕಡೆ. ಮಿಷಿನವ್ವನ ಹೆಸರು ಅಲ್ಲಿಗೂ ಮುಟ್ಟಿದೆ. ಮಗುವಾದರೆ ಬಳೆ ಕಟ್ಟಿಸುತ್ತೇನೆ ಎಂದು ಅವಳ ತಾಯಿ ಹರಕೆ ಹೊತ್ತಿದ್ದಳಂತೆ. ಮಗ ಆಟೋ ಮಾಡಿದ. ಅರ್ಧ ದಾರಿಗೆ ಈಗ ಸಿಮೆಂಟ್ ರಸ್ತೆ. ಕಾಯಿ ಬಳೆ ಮಾರುವ ಅಂಗಡಿಗಳು, ಕುಡಿಯುವ ನೀರಿನ ಟ್ಯಾಂಕು, ಮೈಕು. ಹಳೆಯ ಪೂಜಾರಿಯ ಮೊಮ್ಮಗ ಈಗ ಪೂಜಾರಿ. ನನ್ನ ಕೈ ನೋಡಿದ, ಹಣೆ ನೋಡಿದ.

"ಅಜ್ಜಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಆ ಗುಂಡಿನ ಹಂತೇಕ ನಿಂದ್ರಿ."

ಮಗ ಜಗಳಕ್ಕೆ ಹೋಗುವವನಿದ್ದ. ನೀವು ಹೋಗ್ರಪ್ಪ ಎಂದು ಅವರನ್ನು ಕಳಿಸಿ ನಾನು ಬಂಡೆಯ ಕಡೆಗೆ ನಡೆದೆ. ಇಷ್ಟು ವರ್ಷ ಈ ಕಾಡಿಗೆ ಬಂದಿದ್ದರೂ ಅಲ್ಲಿಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ನನ್ನ ವಯಸ್ಸಿನವಳೇ ಇನ್ನೊಬ್ಬ ಹೆಂಗಸು ಅಲ್ಲಿ ಚೀಲ ಹಿಡಿದು ನಿಂತಿದ್ದಳು. "ಇಲ್ಲಿಂದ ದೇವ್ರು ಕಾಣಂಗಿಲ್ರಿ" ಎಂದಳು, ಬೇಸರದಿಂದ. ನಾನು ತಿರುಗಿ ನೋಡಿದೆ.

ನಿಜ, ಕಾಣುವುದಿಲ್ಲ. ಪೂಜೆಯೆಲ್ಲ ಹಿಂದಿನ ಕಂಬಕ್ಕೆ. ಸೀರೆ, ಬಳೆ, ಬೆಳ್ಳಿಯ ಮುಖವಾಡ ಎಲ್ಲ ಆ ಮಗ್ಗುಲಿಗೆ. ಬಂಡೆಯ ಮಗ್ಗುಲಿನಿಂದ ನಿಂತು ನೋಡಿದರೆ ಕಾಣುವುದು ಲಾರಿಯ ಮುಂಭಾಗ. ಬಾಗಿಲು ಕಿತ್ತುಹೋದದ್ದೂ ಅದೇ ಕಡೆಗೆ. ಎದುರಿಗೇ, ನೆಟ್ಟಗೆ, ಚಾಲಕನ ಸೀಟು. ಈ ಕಡೆ ಯಾರೂ ಬಟ್ಟೆ ಉಡಿಸಿಲ್ಲ, ಬಣ್ಣ ಬಳಿದಿಲ್ಲ. ಗಂಡ ಸತ್ತವರು ಮಾತ್ರ ನಿಲ್ಲುವ ಕಡೆಯನ್ನು ಯಾರು ಸಿಂಗರಿಸುತ್ತಾರೆ? ಸೀಟಿನ ರೆಕ್ಸಿನ್ ಹೋಗಿದೆ, ನಾರು ಹೋಗಿದೆ, ಕಬ್ಬಿಣದ ಚೌಕಟ್ಟೂ ತುಕ್ಕು ತಿಂದು ಒಂದು ಕಡೆಗೆ ಕುಸಿದಿದೆ. ಸ್ಟೇರಿಂಗ್ ಇನ್ನೂ ಇದೆ.

ದೊಡ್ಡವ್ವನನ್ನು ದೂರ ನಿಲ್ಲಿಸಿದರೆಂದು ನಾನು ಅಷ್ಟು ವರ್ಷ ಸಂಕಟಪಟ್ಟೆ. ಆಕೆ ನಿಂತಿದ್ದದ್ದು ಗಂಡನ ಎದುರಿಗೆ. ನಾನು ಗದ್ದಲದಲ್ಲಿ ಕಂಬಕ್ಕೆ ಕುಂಕುಮ ಹಚ್ಚುವಷ್ಟು ಹೊತ್ತು ಆಕೆ ಅವರನ್ನು ನೋಡುತ್ತ ನಿಂತಿರುತ್ತಿದ್ದಳು. ನನಗೊಂದು ಮಾತು ಹೇಳಲಿಲ್ಲ. ಅದೊಂದನ್ನು ತನಗೇ ಇಟ್ಟುಕೊಂಡಳು. ಪಕ್ಕದಲ್ಲಿದ್ದ ಹೆಂಗಸು ನಾನು ಅಳುವುದನ್ನು ನೋಡಿ, ದೇವರು ಕಾಣಲಿಲ್ಲವೆಂದು ಅಳುತ್ತೇನೆಂದುಕೊಂಡು ಬೆನ್ನು ಸವರಿದಳು.

ಸೊಸೆ ಮಗುವಿನ ಹಣೆಗೆ ಭಂಡಾರ ಹಚ್ಚಿಸಿಕೊಂಡು ಬಂದಳು. ಮುಖ ಅರಳಿತ್ತು.

"ಅತ್ತಿ, ಗುಡಿ ಆಗೂಕಿಂತ ಮುಂಚೆ ಇಲ್ಲಿ ಏನಿತ್ರಿ?"

"ಮಿಷಿನ್ ಇತ್ತವ್ವ. ಕಟಿಗಿ ಎಳೆಯೋದು."

"ಯಾರದ್ರಿ?"

"ಒಬ್ಬ ಡ್ರೈವರಂದು. ಅವರ ಹೆಂಡ್ತಿ ನಮ್ಮ ಪಕ್ಕದ ಮನ್ಯಾಗ ಇದ್ಲು."

"ಹೌದೇನ್ರಿ" ಎಂದಳು. ಮಗು ಅಳತೊಡಗಿತು, ಹಾಲು ಕುಡಿಸಲು ಆಟೋದ ಕಡೆಗೆ ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆ ಸೀಟಿನಲ್ಲಿ ಒಬ್ಬ ಮನುಷ್ಯ ಕೂತಿದ್ದ, ಅವನಿಗಾಗಿ ಒಬ್ಬಳು ಇಲ್ಲಿ ಬಂದು ನಿಲ್ಲುತ್ತಿದ್ದಳು ಎಂದು ಬಲ್ಲವಳು ಈಗ ನಾನೊಬ್ಬಳೇ. ನಾನೂ ಹೋದ ಮೇಲೆ ಅಲ್ಲಿ ದೇವಿ ಮಾತ್ರ ಉಳಿಯುತ್ತಾಳೆ.